ಏಜೆಂಟ್ ಎಡವಿದರೆ ಮೊದಲು ಟೂಲ್ ವಿವರಣೆ ಓದಿ: ವರ್ಚುವಲ್ ನೆಟ್‌ವರ್ಕ್ ಲ್ಯಾಬಿಗೆ ದೋಷ ನಿವಾರಣೆ ಕೈಪಿಡಿ

ಕಾಲೇಜಿನ ಲ್ಯಾಬ್ ಸರ್ವರಿನಲ್ಲಿ ಜಿಎನ್‌ಎಸ್3 (ವರ್ಚುವಲ್ ರೂಟರುಗಳನ್ನು ಜೋಡಿಸಿ ಓಡಿಸುವ ಸಾಫ್ಟ್‌ವೇರ್) ಹಾಕಿ, ಅದರ ಮುಂದೆ ಒಂದು ಎಂಸಿಪಿ ಸರ್ವರ್ (ಎಐ ಏಜೆಂಟ್‌ಗೆ ಟೂಲುಗಳನ್ನು ಒದಗಿಸುವ ಕೊಂಡಿ) ಕೂರಿಸಿ, ಲ್ಯಾಬ್ ನಡೆಸುವ ಕೆಲಸವನ್ನು ಎಐ ಏಜೆಂಟ್‌ಗೆ ಒಪ್ಪಿಸಿದವರಿಗಾಗಿ ಈ ಕೈಪಿಡಿ. ಇಲ್ಲಿ ಹೇಳಿರುವುದು ಜಿಎನ್‌ಎಸ್3ರ 2.2 ಆವೃತ್ತಿಗೆ, 3080ನೇ ಪೋರ್ಟಿನಲ್ಲಿ ಸಿಗುವ ಅದರ ಎರಡನೇ ಆವೃತ್ತಿಯ ಎಪಿಐಗೆ (ಬೇರೆ ಪ್ರೋಗ್ರಾಮುಗಳು ವಿನಂತಿ ಕಳಿಸುವ ದ್ವಾರ) ಮತ್ತು ಸಿಸ್ಕೋ ಐಒಎಸ್‌ವಿ (ಸಿಸ್ಕೋದ ರೂಟರ್ ಓಎಸ್ ಆದ ಐಒಎಸ್‌ನ ವರ್ಚುವಲ್ ರೂಪ) ರೂಟರುಗಳಿಗೆ ಅನ್ವಯಿಸುತ್ತದೆ. ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ದೋಷಗಳ ಬಗೆ ಹೆಚ್ಚುಕಡಿಮೆ ಇದೇ.

ಉದಾಹರಣೆಗೆ ಕರಾವಳಿಯದೇ ಒಂದು ನಕ್ಷೆ ಇಟ್ಟುಕೊಳ್ಳೋಣ. ಮಂಗಳೂರು, ಸುರತ್ಕಲ್, ಮುಲ್ಕಿ, ಪಡುಬಿದ್ರಿ, ಕಾಪು, ಉಡುಪಿ ಹೆದ್ದಾರಿ 66ರ ಉದ್ದಕ್ಕೂ. ಉಡುಪಿಯಿಂದ ಕಾರ್ಕಳ, ಮೂಡುಬಿದಿರೆ ದಾಟಿ ಮತ್ತೆ ಮಂಗಳೂರು. ಎಂಟು ರೂಟರ್, ಎಂಟು ಲಿಂಕ್, ಒಂದು ಉಂಗುರ. ಒಂದೊಂದಕ್ಕೆ 512 ಎಂಬಿಯಂತೆ ರೂಟರುಗಳಿಗೇ 4 ಜಿಬಿ ರ‍್ಯಾಮ್ ಬೇಕು. ಮೇಲೆ ಓಎಸ್‌ಪಿಎಫ್ (ರೂಟರುಗಳು ತಾವೇ ದಾರಿ ಕಂಡುಕೊಳ್ಳುವ ಪ್ರೋಟೋಕಾಲ್) ಓಡಬೇಕು. ವಿದ್ಯಾರ್ಥಿ ಏಜೆಂಟ್‌ಗೆ ಹೇಳುವುದು ಇಷ್ಟೇ: "ಲ್ಯಾಬ್ ಎಬ್ಬಿಸು, ಓಎಸ್‌ಪಿಎಫ್ ಹಾಕು, ಉಡುಪಿಯಿಂದ ಮಂಗಳೂರಿಗೆ ಪಿಂಗ್ ಆಗುತ್ತದೆಯೇ ನೋಡು."

ಕೆಲಸ ಕೆಟ್ಟಾಗ ಎಲ್ಲರೂ ಮೊದಲು ಮಾಡೆಲ್ ಬದಲಿಸಲು ಓಡುತ್ತಾರೆ. ಅದು ಕೊನೆಯ ಹೆಜ್ಜೆಯಾಗಬೇಕು. ಏಜೆಂಟ್‌ಗೆ ನಿಮ್ಮ ಲ್ಯಾಬ್ ಕಾಣುವುದಿಲ್ಲ. ಅದಕ್ಕೆ ಕಾಣುವುದು ಟೂಲಿನ ಹೆಸರು, ವಿವರಣೆ, ಇನ್‌ಪುಟ್ ಸ್ಕೀಮಾ ಮತ್ತು ಟೂಲ್ ವಾಪಸ್ ಕೊಟ್ಟ ಉತ್ತರ, ಇಷ್ಟು ಮಾತ್ರ. ಆ ವಿವರಣೆಯಲ್ಲಿ ಇಲ್ಲದ್ದನ್ನು ಅದು ಊಹಿಸಿಕೊಳ್ಳುತ್ತದೆ. ಊಹೆ ತಪ್ಪಾದಾಗ ತಿದ್ದಬೇಕಾದ್ದು ವಿವರಣೆಯನ್ನು.

ದೋಷ ಯಾವ ಮಟ್ಟದ್ದು?

ಏಜೆಂಟ್ ಬರೆದ ಸಾರಾಂಶವನ್ನು ನಂಬಿ ಪತ್ತೆಗೆ ಇಳಿಯಬೇಡಿ. ಎಂಸಿಪಿ ಸಂದೇಶಗಳು ಜೇಸನ್ ಆರ್‌ಪಿಸಿ ರೂಪದಲ್ಲಿ ಓಡಾಡುತ್ತವೆ. ಆ ಲಾಗ್ ತೆಗೆದು, ಏಜೆಂಟ್ ನಿಜವಾಗಿ ಯಾವ ಟೂಲನ್ನು ಯಾವ ಆರ್ಗ್ಯುಮೆಂಟ್ ಕೊಟ್ಟು ಕರೆಯಿತು, ಏನು ಉತ್ತರ ಬಂತು ಎಂದು ನೋಡಿ. ಆಮೇಲೆ ಅದೇ ಕರೆಯನ್ನು ಕೆಳಗಿನಿಂದ ಮೇಲಕ್ಕೆ ನೀವೇ ಮಾಡಿ.

ಮೊದಲು ರೂಟರಿನ ಕನ್ಸೋಲಿಗೆ ಟೆಲ್ನೆಟ್ ಮಾಡಿ, ಕೈಯಾರೆ ಕಮಾಂಡ್ ಕೊಡಿ. ಅಲ್ಲೇ ಕೆಲಸ ಆಗದಿದ್ದರೆ ಅದು ಬರಿಯ ನೆಟ್‌ವರ್ಕ್ ದೋಷ. ಏಜೆಂಟಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ಕೆಲಸ ಆಯಿತು ಎಂದರೆ, ಎರಡನೆಯದಾಗಿ ಕರ್ಲ್ (ವೆಬ್ ವಿನಂತಿ ಕಳಿಸುವ ಕಮಾಂಡ್) ಬಳಸಿ ಜಿಎನ್‌ಎಸ್3 ಎಪಿಐಗೆ ಅದೇ ವಿನಂತಿ ಕಳಿಸಿ, ಸ್ಟೇಟಸ್ ಕೋಡ್ ಮತ್ತು ಸಂದೇಶ ಎರಡನ್ನೂ ಬರೆದಿಟ್ಟುಕೊಳ್ಳಿ. ಮೂರನೆಯದಾಗಿ ಎಂಸಿಪಿ ಇನ್‌ಸ್ಪೆಕ್ಟರ್ (ಟೂಲುಗಳನ್ನು ಕೈಯಾರೆ ಓಡಿಸಿ ನೋಡುವ ಸಾಫ್ಟ್‌ವೇರ್) ತೆರೆದು, ಮಾಡೆಲ್ ಮಧ್ಯೆ ಬರದಂತೆ, ಟೂಲನ್ನು ಅದೇ ಆರ್ಗ್ಯುಮೆಂಟ್‌ನೊಂದಿಗೆ ಓಡಿಸಿ. ಕರ್ಲ್‌ನಲ್ಲಿ ಬಂದ ದೋಷ ಸಂದೇಶ ಇನ್‌ಸ್ಪೆಕ್ಟರಿನಲ್ಲಿ ಮಾಯವಾಗಿ "ವಿಫಲ" ಎಂಬ ಒಂದೇ ಪದವಾಗಿದ್ದರೆ, ಟೂಲಿನ ಕೋಡ್ ಅದನ್ನು ನುಂಗಿದೆ. ಈ ಮೂರೂ ಸರಿಯಿದ್ದು, ಏಜೆಂಟ್ ಮಾತ್ರ ತಪ್ಪು ಟೂಲನ್ನೋ ತಪ್ಪು ಆರ್ಗ್ಯುಮೆಂಟನ್ನೋ ತಪ್ಪು ಹೊತ್ತಿನಲ್ಲಿ ಬಳಸಿದ್ದರೆ, ದೋಷ ವಿವರಣೆಯಲ್ಲಿದೆ.

ರೂಟರ್ ಸ್ಟಾರ್ಟ್ ಆಯಿತು ಎನ್ನುತ್ತದೆ, ಕಾನ್ಫಿಗ್ ಮಾತ್ರ ಹೋಗಿರುವುದಿಲ್ಲ

ಅತಿ ಹೆಚ್ಚು ಕಾಣುವ ದೋಷ ಇದು. ಲಾಗ್‌ನಲ್ಲಿ ನೋಡಿದರೆ, ಏಜೆಂಟ್ ಎಂಟೂ ನೋಡುಗಳನ್ನು (ಜಿಎನ್‌ಎಸ್3ರಲ್ಲಿ ಒಂದೊಂದು ಸಾಧನವೂ ಒಂದು ನೋಡ್) ಸ್ಟಾರ್ಟ್ ಮಾಡಿ, ಕೆಲವೇ ಸೆಕೆಂಡಿನಲ್ಲಿ ಕಾನ್ಫಿಗ್ ಕಳಿಸಲು ಶುರುಮಾಡಿರುತ್ತದೆ. ಎಲ್ಲ ಕರೆಗೂ "ಯಶಸ್ವಿ" ಎಂದೇ ಉತ್ತರ ಬಂದಿರುತ್ತದೆ. ರೂಟರಿನಲ್ಲಿ ನೋಡಿದರೆ ಒಂದು ಐಪಿ ವಿಳಾಸವೂ ಇಲ್ಲ.

ಕಾರಣ ಸರಳ. ಜಿಎನ್‌ಎಸ್3ರಲ್ಲಿ ನೋಡಿನ ಸ್ಥಿತಿ "ಸ್ಟಾರ್ಟೆಡ್" ಎಂದರೆ ರೂಟರನ್ನು ಹೊತ್ತ ವರ್ಚುವಲ್ ಮಷೀನಿನ, ಅಂದರೆ ಕ್ಯೂಎಂಯುನ, ಪ್ರೊಸೆಸ್ ಶುರುವಾಗಿದೆ ಎಂದಷ್ಟೇ ಅರ್ಥ. ಒಳಗಿನ ಐಒಎಸ್ ಬೂಟ್ ಆಗಲು ನಿಮಿಷಗಳೇ ಬೇಕು. ಎಂಟು ಒಟ್ಟಿಗೆ ಎದ್ದರೆ ಸಿಪಿಯುಗಾಗಿ ಜಗ್ಗಾಡಿ ಇನ್ನೂ ತಡ. ಸರ್ವರಿನಲ್ಲಿ ಕೆವಿಎಂ (ವರ್ಚುವಲ್ ಮಷೀನಿಗೆ ವೇಗ ಕೊಡುವ ಲಿನಕ್ಸ್ ಸೌಲಭ್ಯ) ಇಲ್ಲದಿದ್ದರೆ, ಅಂದರೆ ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆಫ್ ಮಾಡಿದ್ದರೆ ಅಥವಾ ಜಿಎನ್‌ಎಸ್3 ಇನ್ನೊಂದು ವರ್ಚುವಲ್ ಮಷೀನಿನೊಳಗಿದ್ದು ನೆಸ್ಟೆಡ್ ಸೌಲಭ್ಯ ತೆರೆದಿಲ್ಲದಿದ್ದರೆ, ಡಿಫಾಲ್ಟ್ ಸೆಟ್ಟಿಂಗಿನಲ್ಲಿ ನೋಡ್ ಸ್ಟಾರ್ಟೇ ಆಗದೆ ದೋಷ ಬರುತ್ತದೆ; ಕೆವಿಎಂ ಬೇಡವೆಂದು ಸೆಟ್ಟಿಂಗ್ ಬದಲಿಸಿದ್ದರೆ ಬೂಟ್ ಮುಗಿಯುವುದನ್ನು ಕಾಯುತ್ತ ಕೂರಬೇಕಾಗುತ್ತದೆ. ಡೆವ್ ಡೈರೆಕ್ಟರಿಯಲ್ಲಿ ಕೆವಿಎಂ ಹೆಸರಿನ ಫೈಲ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಬೂಟ್ ಮುಗಿದರೂ ಇನ್ನೊಂದು ಅಡ್ಡಿ ಉಳಿದಿರುತ್ತದೆ. ಕಾನ್ಫಿಗ್ ಇಲ್ಲದ ಹೊಸ ರೂಟರ್ "ಆರಂಭಿಕ ಕಾನ್ಫಿಗರೇಶನ್ ಸಂವಾದಕ್ಕೆ ಹೋಗಬೇಕೇ, ಯೆಸ್ ಅಥವಾ ನೋ" ಎಂದು ಕೇಳಿ ಕಾಯುತ್ತದೆ. ಏಜೆಂಟ್ ಕಳಿಸಿದ ಮೊದಲ ಸಾಲುಗಳೆಲ್ಲ ಆ ಪ್ರಶ್ನೆಗೆ ಉತ್ತರವಾಗಿ ಹೋಗಿ ವ್ಯರ್ಥವಾಗುತ್ತವೆ.

ಇಂಥ ಕಡೆ ಸಾಮಾನ್ಯವಾಗಿ ಇರುವ ವಿವರಣೆ ಹೀಗೆ:

"ನೋಡನ್ನು ಸ್ಟಾರ್ಟ್ ಮಾಡುತ್ತದೆ. ನೋಡ್ ಐಡಿ ಕೊಡಿ."

ಇರಬೇಕಾದ್ದು ಹೀಗೆ:

"ನೋಡಿನ ಪ್ರೊಸೆಸನ್ನು ಶುರುಮಾಡಿ ಕೂಡಲೇ ಮರಳುತ್ತದೆ. ಉತ್ತರದಲ್ಲಿ ಸ್ಟಾರ್ಟೆಡ್ ಎಂದಿದ್ದರೂ ರೂಟರಿನ ಓಎಸ್ ಇನ್ನೂ ಬೂಟ್ ಆಗುತ್ತಿರಬಹುದು. ಕಾನ್ಫಿಗ್ ಕಳಿಸುವ ಮೊದಲು ‘ಸಿದ್ಧವಾಗುವವರೆಗೆ ಕಾಯಿ’ ಟೂಲನ್ನು ಅದೇ ನೋಡ್ ಐಡಿ ಕೊಟ್ಟು ಕರೆಯಿರಿ. ಅದು ಸಿದ್ಧ ಎಂದ ಮೇಲೆ ಮಾತ್ರ ಮುಂದುವರಿಯಿರಿ. ಈಗಾಗಲೇ ಓಡುತ್ತಿರುವ ನೋಡಿನ ಮೇಲೆ ಮತ್ತೆ ಕರೆದರೆ ತೊಂದರೆಯಿಲ್ಲ."

ಕಾಯುವ ಆ ಟೂಲನ್ನು ನೀವು ಬರೆಯಲೇಬೇಕು. ಬರಿಯ ವಿವರಣೆಯಲ್ಲಿ "ಸ್ವಲ್ಪ ಹೊತ್ತು ಕಾಯಿರಿ" ಎಂದರೆ ಏಜೆಂಟ್‌ಗೆ ಕಾಯುವ ದಾರಿಯೇ ಇರುವುದಿಲ್ಲ. ಅದರೊಳಗಿನ ಕೆಲಸ: ಕನ್ಸೋಲಿಗೆ ಸೇರಿ, ಎಂಟರ್ ಒತ್ತಿ, ಸಂವಾದದ ಪ್ರಶ್ನೆ ಬಂದರೆ "ನೋ" ಕೊಟ್ಟು, ಸಾಲಿನ ಕೊನೆಯಲ್ಲಿ ರೂಟರ್ ಪ್ರಾಂಪ್ಟಿನ ಗುರುತು ಬರುವವರೆಗೆ ನೋಡುತ್ತಿರುವುದು. ಗರಿಷ್ಠ ಕಾಯುವ ಸಮಯವನ್ನು ಆರ್ಗ್ಯುಮೆಂಟ್ ಆಗಿ ಇಡಿ, 300 ಸೆಕೆಂಡ್ ಡಿಫಾಲ್ಟ್ ಕೊಡಿ. ಏಜೆಂಟ್ ಓಡುವ ಕ್ಲೈಂಟಿಗೆ ತನ್ನದೇ ಟೈಮ್‌ಔಟ್ ಇರುತ್ತದೆ. ಅದು ಇದಕ್ಕಿಂತ ಕಡಿಮೆಯಿದ್ದರೆ, 30 ಸೆಕೆಂಡಿಗೊಮ್ಮೆ "ಇನ್ನೂ ಬೂಟ್ ಆಗುತ್ತಿದೆ, ಮತ್ತೆ ಕರೆಯಿರಿ" ಎಂದು ಮರಳುವಂತೆ ಮಾಡಿ.

ಕರೆಂಟು ಹೋಗಿ ಬಂದ ಮೇಲೆ 403

ಮಳೆಗಾಲದಲ್ಲಿ, ಅದರಲ್ಲೂ ಸಿಡಿಲಿನ ದಿನಗಳಲ್ಲಿ, ಯುಪಿಎಸ್ ಕೈಕೊಟ್ಟು ಸರ್ವರ್ ಮತ್ತೆ ಎದ್ದ ನಂತರ ಕಾಣುವ ದೋಷ. ಏಜೆಂಟ್ ಹೊಸ ನೋಡ್ ಸೇರಿಸಲು ಹೋಗುತ್ತದೆ, 403 ಬರುತ್ತದೆ, ಅದು ವಿದ್ಯಾರ್ಥಿಗೆ "ನಿಮಗೆ ಅನುಮತಿ ಇಲ್ಲ, ಅಡ್ಮಿನ್ ಅವರನ್ನು ಕೇಳಿ" ಎಂದು ಹೇಳಿ ನಿಲ್ಲುತ್ತದೆ. ಪಾಸ್‌ವರ್ಡ್ ಬದಲಿಸುತ್ತ ಗಂಟೆಗಟ್ಟಲೆ ಕಳೆಯುವುದು ಇಲ್ಲೇ.

403ಕ್ಕೆ ಅನುಮತಿ ನಿರಾಕರಣೆ ಎಂಬ ಅರ್ಥವೇ ಲೋಕರೂಢಿ. ಆದರೆ ಜಿಎನ್‌ಎಸ್3 2.2 ಅದನ್ನು "ಪ್ರಾಜೆಕ್ಟ್ ತೆರೆದಿಲ್ಲ" ಎನ್ನಲೂ ಬಳಸುತ್ತದೆ. ಸರ್ವರ್ ಮತ್ತೆ ಶುರುವಾದಾಗ, ಆಟೋ ಓಪನ್ ಹಾಕಿಲ್ಲದ ಪ್ರಾಜೆಕ್ಟುಗಳೆಲ್ಲ ಮುಚ್ಚಿದ ಸ್ಥಿತಿಯಲ್ಲೇ ಇರುತ್ತವೆ. ಪ್ರಾಜೆಕ್ಟ್ ಪಟ್ಟಿಯಲ್ಲಿ ಹೆಸರು ಕಾಣುತ್ತದೆ, ಹಾಗಾಗಿ ಏಜೆಂಟ್‌ಗೆ ಅದು ಮುಚ್ಚಿದೆ ಎಂಬ ಸುಳಿವೂ ಸಿಗುವುದಿಲ್ಲ. ಪಟ್ಟಿ ಕೊಡುವ ಟೂಲ್ ಪ್ರತಿ ಪ್ರಾಜೆಕ್ಟಿನ ಸ್ಥಿತಿಯನ್ನೂ ಕೊಡಲಿ, "ಕ್ಲೋಸ್ಡ್ ಎಂದಿದ್ದರೆ ಮೊದಲು ‘ಪ್ರಾಜೆಕ್ಟ್ ತೆರೆ’ ಕರೆಯಿರಿ" ಎಂಬ ಸಾಲು ವಿವರಣೆಯಲ್ಲಿರಲಿ. ಅದಕ್ಕಿಂತ ಮುಖ್ಯವಾದದ್ದು ದೋಷದ ಉತ್ತರ. ಟೂಲ್ ವಿಫಲವಾದಾಗ ಎಂಸಿಪಿ ಉತ್ತರದಲ್ಲಿ ದೋಷದ ಗುರುತು ಹಾಕಿ, ಜಿಎನ್‌ಎಸ್3 ಕೊಟ್ಟ ಮೂಲ ಸಂದೇಶವನ್ನು ಹಾಗೇ ದಾಟಿಸಿ, ಮುಂದೆ ಯಾವ ಟೂಲ್ ಕರೆಯಬೇಕು ಎಂದೂ ಬರೆಯಿರಿ. ವಿವರಣೆಯನ್ನು ಏಜೆಂಟ್ ಓದಿ ಬಹಳ ಹೊತ್ತಾಗಿರಬಹುದು; ದೋಷದ ಸಂದೇಶವನ್ನು ಈಗಷ್ಟೇ ಓದುತ್ತಿರುತ್ತದೆ. ಬರೆಯಲು ಅತ್ಯಂತ ಫಲ ಕೊಡುವ ಜಾಗ ಅದೇ.

ಕರೆಂಟು ಹೋದಾಗ ಇನ್ನೊಂದು ನಷ್ಟವೂ ಇದೆ: "ರೈಟ್ ಮೆಮೊರಿ" ಕೊಡದ ಕಾನ್ಫಿಗ್ ಉಳಿಯುವುದಿಲ್ಲ. ವಿಪಿಸಿಎಸ್ (ಹಗುರವಾದ ವರ್ಚುವಲ್ ಪಿಸಿ) ಆದರೆ "ಸೇವ್" ಕೊಡಬೇಕು. ಕಾನ್ಫಿಗ್ ಕಳಿಸುವ ಟೂಲ್ ತಾನೇ ಉಳಿಸುತ್ತದೆಯೋ ಇಲ್ಲವೋ ಎಂದು ವಿವರಣೆಯಲ್ಲಿ ಸ್ಪಷ್ಟವಾಗಿ ಹೇಳಿ.

ಲಿಂಕ್ ಹಾಕಿದೆ, ಪಿಂಗ್ ಇಲ್ಲ

ಜಿಎನ್‌ಎಸ್3 ಎಪಿಐಗೆ ಇಂಟರ್‌ಫೇಸ್ ಹೆಸರು ಬೇಡ. ಅಡಾಪ್ಟರ್ ಸಂಖ್ಯೆ ಮತ್ತು ಪೋರ್ಟ್ ಸಂಖ್ಯೆ ಬೇಕು. ಈ ಎರಡರ ಲೆಕ್ಕ ಸಾಧನದಿಂದ ಸಾಧನಕ್ಕೆ ಬೇರೆ. ಕ್ಯೂಎಂಯುನಲ್ಲಿ ಓಡುವ ಐಒಎಸ್‌ವಿಯಲ್ಲಿ ಒಂದು ಅಡಾಪ್ಟರಿಗೆ ಒಂದೇ ಪೋರ್ಟ್. ಹಾಗಾಗಿ ಗಿಗಾಬಿಟ್ 0/1 ಎಂದರೆ ಅಡಾಪ್ಟರ್ 1, ಪೋರ್ಟ್ 0. ಐಒಯುನಲ್ಲಿ (ಯುನಿಕ್ಸ್ ಮೇಲೆ ಓಡುವ ಐಒಎಸ್) ಒಂದು ಅಡಾಪ್ಟರಿಗೆ ನಾಲ್ಕು ಪೋರ್ಟ್, ಅಲ್ಲಿ ಈಥರ್ನೆಟ್ 0/1 ಎಂದರೆ ಅಡಾಪ್ಟರ್ 0, ಪೋರ್ಟ್ 1.

ವಿವರಣೆ ಬರಿಯ "ಅಡಾಪ್ಟರ್ ಸಂಖ್ಯೆ, ಪೋರ್ಟ್ ಸಂಖ್ಯೆ" ಎಂದಷ್ಟೇ ಹೇಳಿದರೆ, ಏಜೆಂಟ್ 0/1 ಕಂಡಲ್ಲಿ 0 ಮತ್ತು 1 ಎಂದು ಹಾಕುತ್ತದೆ. ಐಒಎಸ್‌ವಿಯಲ್ಲಿ ಅಂಥ ಪೋರ್ಟೇ ಇಲ್ಲ ಎಂದು 404 ಬರುತ್ತದೆ. ಅದು ಒಳ್ಳೆಯದೇ, ಕೂಡಲೇ ಗೊತ್ತಾಗುತ್ತದೆ. ಕೆಟ್ಟದ್ದು ಇದರ ತಿರುಗುಮುರುಗು. ಐಒಎಸ್‌ವಿಯ ಅಭ್ಯಾಸದಲ್ಲಿ ಐಒಯುಗೆ 1 ಮತ್ತು 0 ಕೊಟ್ಟರೆ ದೋಷವೇ ಬರುವುದಿಲ್ಲ, ಲಿಂಕ್ ಸದ್ದಿಲ್ಲದೆ ಈಥರ್ನೆಟ್ 1/0ಕ್ಕೆ ಬೀಳುತ್ತದೆ. ಐಪಿ ವಿಳಾಸ 0/1ರ ಮೇಲೆ, ಕೇಬಲ್ 1/0ರ ಮೇಲೆ.

ಪರಿಹಾರ: ಟೂಲಿಗೆ ಇಂಟರ್‌ಫೇಸ್ ಹೆಸರನ್ನೇ ತೆಗೆದುಕೊಳ್ಳಲು ಕಲಿಸಿ. ನೋಡಿನ ಮಾಹಿತಿ ಕೇಳಿದಾಗ ಜಿಎನ್‌ಎಸ್3 ಪೋರ್ಟುಗಳ ಪಟ್ಟಿ ಕೊಡುತ್ತದೆ. ಅದರಲ್ಲಿ ಪ್ರತಿ ಪೋರ್ಟಿನ ಹೆಸರು, ಅಡಾಪ್ಟರ್ ಸಂಖ್ಯೆ, ಪೋರ್ಟ್ ಸಂಖ್ಯೆ ಮೂರೂ ಇವೆ. ಹುಡುಕುವ ಕೆಲಸ ಕೋಡ್ ಮಾಡಲಿ. ಒಂದು ಎಚ್ಚರ: ಟೆಂಪ್ಲೇಟನ್ನು ಕೈಯಾರೆ ಮಾಡಿದ್ದರೆ ಪೋರ್ಟ್ ಹೆಸರಿನ ಮಾದರಿ ಡಿಫಾಲ್ಟ್ ಆಗಿಯೇ ಉಳಿದು, ಜಿಎನ್‌ಎಸ್3 ಈಥರ್ನೆಟ್0 ಎಂದರೆ ರೂಟರ್ ಗಿಗಾಬಿಟ್ 0/0 ಎನ್ನುತ್ತದೆ. ಟೆಂಪ್ಲೇಟಿನಲ್ಲೇ ಮಾದರಿ ಸರಿಮಾಡಿಕೊಳ್ಳಿ.

"ಇಂಟರ್‌ಫೇಸ್ ಅಪ್ ಇದೆ, ಆದ್ದರಿಂದ ಕೇಬಲ್ ಸರಿಯಿದೆ" ಎಂದು ಏಜೆಂಟ್ ವಾದಿಸುವುದೂ ಉಂಟು. ವರ್ಚುವಲ್ ಲ್ಯಾಬಿನಲ್ಲಿ ಎದುರಿನ ರೂಟರ್ ಆರಿದ್ದರೂ ಈಚೆಯದು ಅಪ್ ಎಂದೇ ತೋರಿಸಬಹುದು. ಕೇಬಲ್ ಎಲ್ಲಿಗೆ ಹೋಗಿದೆ ಎಂಬುದಕ್ಕೆ, ನೆರೆಯ ಸಾಧನಗಳನ್ನು ತೋರಿಸುವ "ಶೋ ಸಿಡಿಪಿ ನೇಬರ್ಸ್" ನೋಡಬೇಕು ಎಂದು ಲಿಂಕ್ ಟೂಲಿನ ವಿವರಣೆಯಲ್ಲೇ ಬರೆಯಿರಿ.

ಕನ್ಸೋಲಿನ ಕಿರಿಕಿರಿಗಳು

ಕನ್ಸೋಲ್ ವಿಳಾಸ 0.0.0.0 ಎಂದು ಬಂದು ಏಜೆಂಟ್ ಸೇರಲಾಗದೆ ಒದ್ದಾಡಿದರೆ ಗಾಬರಿ ಬೇಡ. ಸರ್ವರ್ ಎಲ್ಲ ಇಂಟರ್‌ಫೇಸ್‌ಗಳಲ್ಲೂ ಕೇಳುತ್ತಿದೆ ಎಂದಷ್ಟೇ ಅದರ ಅರ್ಥ. ಎಪಿಐಗೆ ಬಳಸಿದ ವಿಳಾಸವನ್ನೇ ಇಲ್ಲೂ ಬಳಸಬೇಕು. ಅದನ್ನು ಟೂಲೇ ಬದಲಿಸಿ ಕೊಡಲಿ.

ನಿಜವಾಗಿ ತಲೆ ತಿನ್ನುವುದು ಹಂಚಿಕೊಂಡ ಕನ್ಸೋಲ್. ಜಿಎನ್‌ಎಸ್3ರ ಟೆಲ್ನೆಟ್ ಕನ್ಸೋಲಿಗೆ ಒಂದೇ ಹೊತ್ತಿಗೆ ಇಬ್ಬರು ಸೇರಬಹುದು, ಇಬ್ಬರಿಗೂ ಒಂದೇ ಸೆಷನ್. ವಿದ್ಯಾರ್ಥಿ ತನ್ನ ಕಿಟಕಿಯಲ್ಲಿ ಕಾರ್ಕಳ ರೂಟರಿನ ಕಾನ್ಫಿಗ್ ಮೋಡ್‌ಗೆ ಹೋಗಿ ಹಾಗೇ ಬಿಟ್ಟು ಕ್ಯಾಂಟೀನಿಗೆ ಹೋಗಿರುತ್ತಾನೆ. ಏಜೆಂಟ್ ಅದೇ ಕನ್ಸೋಲಿಗೆ "ಶೋ ಐಪಿ ರೂಟ್" ಕಳಿಸುತ್ತದೆ. ಕಾನ್ಫಿಗ್ ಮೋಡಿನಲ್ಲಿ ಅದು ಅಮಾನ್ಯ. "ಇನ್‌ವ್ಯಾಲಿಡ್ ಇನ್‌ಪುಟ್" ಓದಿದ ಏಜೆಂಟ್, ಈ ಇಮೇಜಿನಲ್ಲಿ ಆ ಕಮಾಂಡೇ ಇಲ್ಲ ಎಂದು ತೀರ್ಮಾನಿಸಿ ಬೇರೆ ಬೇರೆ ಕಮಾಂಡ್ ಹುಡುಕಲು ಹೊರಡುತ್ತದೆ. ಲಾಗ್‌ನಲ್ಲಿ ಪ್ರಾಂಪ್ಟ್ ನೋಡಿ: ರೂಟರ್ ಹೆಸರಿನ ಮುಂದೆ ಆವರಣದೊಳಗೆ ಕಾನ್ಫಿಗ್ ಎಂದಿದ್ದರೆ ಇದೇ ದೋಷ.

ಕನ್ಸೋಲ್ ಟೂಲ್ ಪ್ರತಿ ಕರೆಯ ಶುರುವಿನಲ್ಲಿ ಕಂಟ್ರೋಲ್ ಝಡ್ ಮತ್ತು ಎಂಟರ್ ಕಳಿಸಿ ಪ್ರಾಂಪ್ಟ್ ಓದಲಿ, ಆಮೇಲೆ "ಟರ್ಮಿನಲ್ ಲೆಂಗ್ತ್ 0" ಕೊಡಲಿ. ಇಲ್ಲದಿದ್ದರೆ ಉದ್ದದ ಉತ್ತರ "ಮೋರ್" ಎಂಬಲ್ಲಿ ನಿಂತು, ಮುಂದಿನ ಕಮಾಂಡಿನ ಮೊದಲ ಅಕ್ಷರವನ್ನು ಅದು ತಿಂದುಹಾಕುತ್ತದೆ. ಲ್ಯಾಬಿನ ಮೂಲ ಕಾನ್ಫಿಗ್‌ನಲ್ಲೇ "ನೋ ಐಪಿ ಡೊಮೈನ್ ಲುಕಪ್" ಮತ್ತು ಕನ್ಸೋಲ್ ಲೈನಿನಲ್ಲಿ "ಲಾಗಿಂಗ್ ಸಿಂಕ್ರೋನಸ್" ಹಾಕಿಡಿ. ಮೊದಲನೆಯದಿಲ್ಲದಿದ್ದರೆ ತಪ್ಪಿ ಬಿದ್ದ ಒಂದು ಪದವನ್ನು ರೂಟರ್ ಡಿಎನ್‌ಎಸ್‌ನಲ್ಲಿ ಹುಡುಕುತ್ತ ಕೂರುತ್ತದೆ, ಏಜೆಂಟ್‌ಗೆ ಅದು ಹ್ಯಾಂಗ್ ಆದಂತೆ ತೋರುತ್ತದೆ. ಕಾನ್ಫಿಗ್ ಸಾಲುಗಳನ್ನು ಒಟ್ಟಿಗೆ ಸುರಿಯಬೇಡಿ, ನಡುವೆ ಅಕ್ಷರಗಳು ಕಳೆದುಹೋಗುತ್ತವೆ. ಒಂದು ಸಾಲು ಕಳಿಸಿ, ಪ್ರಾಂಪ್ಟ್ ಬಂದ ಮೇಲೆ ಇನ್ನೊಂದು.

ಉತ್ತರ ಉದ್ದವಾದಾಗ ಟೂಲ್ ಅದನ್ನು ಕತ್ತರಿಸುವುದು ಸರಿಯೇ, ಆದರೆ ಕತ್ತರಿಸಿದ್ದನ್ನು ಹೇಳದೆ ಇರಬಾರದು. ರನ್ನಿಂಗ್ ಕಾನ್ಫಿಗ್‌ನಲ್ಲಿ ಇಂಟರ್‌ಫೇಸುಗಳು ಮೊದಲು, ಓಎಸ್‌ಪಿಎಫ್ ಭಾಗ ಅದರ ಕೆಳಗೆ. ನಡುವೆ ಕಡಿದರೆ ಏಜೆಂಟ್‌ಗೆ ಓಎಸ್‌ಪಿಎಫ್ ಇಲ್ಲವೇ ಇಲ್ಲ ಎಂದು ಕಾಣುತ್ತದೆ, ಅದು ಮತ್ತೆ ಹಾಕಲು ಹೋಗುತ್ತದೆ. "ಇಲ್ಲಿಗೆ ಕತ್ತರಿಸಲಾಗಿದೆ, ಉಳಿದದ್ದಕ್ಕೆ ಸೆಕ್ಷನ್ ಫಿಲ್ಟರ್ ಬಳಸಿ" ಎಂಬ ಸಾಲು ಉತ್ತರದ ಕೊನೆಯಲ್ಲಿರಲಿ.

ಓಎಸ್‌ಪಿಎಫ್ ವಿಫಲ ಎಂದು ಅವಸರದ ವರದಿ

ಈಥರ್ನೆಟ್ ಲಿಂಕಿನ ಮೇಲೆ ಓಎಸ್‌ಪಿಎಫ್ ಡಿಫಾಲ್ಟ್ ಆಗಿ ಬ್ರಾಡ್‌ಕಾಸ್ಟ್ ಬಗೆ. ಹಲೋ ಸಂದೇಶ 10 ಸೆಕೆಂಡಿಗೊಮ್ಮೆ, ಅದು ಬಾರದೆ ನೆರೆಯವರು ಇಲ್ಲ ಎಂದು ತೀರ್ಮಾನಿಸುವ ಡೆಡ್ ಟೈಮರ್ 40 ಸೆಕೆಂಡ್, ಡಿಆರ್ (ಆ ಲಿಂಕಿನ ಮುಖ್ಯ ರೂಟರ್) ಆಯ್ಕೆಗೂ ಮೊದಲು 40 ಸೆಕೆಂಡ್ ಕಾಯುತ್ತದೆ. ಕಾನ್ಫಿಗ್ ಹಾಕಿ ಐದನೇ ಸೆಕೆಂಡಿಗೆ ನೋಡಿದರೆ ನೆರೆಯವರು ಟೂ ವೇ ಸ್ಥಿತಿಯಲ್ಲಿರುತ್ತಾರೆ; ಏಜೆಂಟ್ ಅದನ್ನು ದೋಷವೆಂದು ಬಗೆದು ಏರಿಯಾ ಸಂಖ್ಯೆ ಬದಲಿಸಲು ತೊಡಗುತ್ತದೆ, ಸರಿಯಿದ್ದದ್ದು ಕೆಡುತ್ತದೆ. ನಮ್ಮ ಉಂಗುರದಲ್ಲಿ ಪ್ರತಿ ಲಿಂಕಿಗೂ ಎರಡೇ ತುದಿ, ಆದ್ದರಿಂದ ಪಾಯಿಂಟ್ ಟು ಪಾಯಿಂಟ್ ಬಗೆ ಹಾಕಿದರೆ ಡಿಆರ್ ಕಾಯುವಿಕೆಯೇ ಇಲ್ಲ. ಉಡುಪಿ–ಕಾರ್ಕಳ ಲಿಂಕ್ ಕಡಿದು ಸುತ್ತುದಾರಿ ಪರೀಕ್ಷಿಸುವಾಗಲೂ, ಇಂಟರ್‌ಫೇಸ್ ಅಪ್ ಎಂದೇ ಉಳಿದರೆ ಡೆಡ್ ಟೈಮರ್ ಮುಗಿಯುವ 40 ಸೆಕೆಂಡ್ ಹಳೆಯ ದಾರಿಯೇ ಕಾಣುತ್ತದೆ. ನೆರೆಯವರನ್ನು ನೋಡುವ ಟೂಲಿನ ವಿವರಣೆಗೆ ಈ ಅಂಕಿಗಳನ್ನು ಸೇರಿಸಿ. ಒಂದು ನಿಮಿಷ ಕಳೆದರೂ ಎಕ್ಸ್‌ಸ್ಟಾರ್ಟ್ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರೆ ಅದು ನಿಜವಾದ ದೋಷ, ಎರಡೂ ಕಡೆಯ ಎಂಟಿಯು (ಪ್ಯಾಕೆಟಿನ ಗರಿಷ್ಠ ಗಾತ್ರ) ಹೋಲಿಸಿ ನೋಡಿ.

ರೂಟರ್ ಸಿಗಲಿಲ್ಲ, ಅಥವಾ ಎರಡೆರಡು ಸಿಕ್ಕಿತು

ವಿದ್ಯಾರ್ಥಿಗಳು ಕನ್ನಡದಲ್ಲೇ ಕೇಳುತ್ತಾರೆ, ಕೇಳಲಿ. ಆದರೆ ಐಒಎಸ್ ಹೋಸ್ಟ್‌ನೇಮ್‌ಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಮಾತ್ರ. ಮುಲ್ಕಿ, ಮೂಡುಬಿದಿರೆ, ಪಡುಬಿದ್ರಿ ಇವನ್ನು ಇಂಗ್ಲಿಷಿನಲ್ಲಿ ಬೋರ್ಡಿಗೊಂದು ಬಗೆ ಬರೆಯುವುದು ಎಲ್ಲರಿಗೂ ಗೊತ್ತು. ಏಜೆಂಟ್ ತನಗೆ ತೋಚಿದ ಸ್ಪೆಲ್ಲಿಂಗ್ ಹಾಕಿ ಹುಡುಕಿ, ಸಿಗದೆ, ಹೊಸ ನೋಡನ್ನೇ ಸೃಷ್ಟಿಸಿಬಿಡುತ್ತದೆ. ನೋಡ್ ಐಡಿ ಕೇಳುವ ಪ್ರತಿ ಟೂಲಿನಲ್ಲೂ "ಐಡಿಯನ್ನು ನೋಡ್ ಪಟ್ಟಿಯಿಂದಲೇ ತೆಗೆದುಕೊಳ್ಳಿ, ಹೆಸರನ್ನು ಊಹಿಸಬೇಡಿ, ಪಟ್ಟಿಯಲ್ಲಿ ಸಿಗದಿದ್ದರೆ ಸೃಷ್ಟಿಸದೆ ಬಳಕೆದಾರರನ್ನು ಕೇಳಿ" ಎಂದು ಬರೆಯಿರಿ.

ಟೈಮ್‌ಔಟ್ ಆದಾಗಲೂ ಇದೇ ಪಾಡು. ನೋಡ್ ಸೃಷ್ಟಿಸುವ ಕರೆಗೆ ಉತ್ತರ ಬರಲು ತಡವಾಯಿತು, ಏಜೆಂಟ್ ಮತ್ತೆ ಕರೆಯಿತು, ಎರಡೂ ಸರ್ವರಿನಲ್ಲಿ ಆಗಿಹೋದವು. ಎಂಸಿಪಿಯಲ್ಲಿ ಟೂಲ್ ಮತ್ತೆ ಕರೆದರೂ ಅಪಾಯವಿಲ್ಲವೇ, ಅಳಿಸುವಂಥದ್ದೇ, ಓದುವುದಷ್ಟೇ ಎಂದು ಸೂಚಿಸುವ ಅನೋಟೇಶನ್‌ಗಳಿವೆ, ಹಾಕಿ. ಆದರೆ ಅವು ಬರಿಯ ಸೂಚನೆ, ಕ್ಲೈಂಟ್ ಅದನ್ನು ಗಮನಿಸಲೇಬೇಕೆಂದಿಲ್ಲ. ಆದ್ದರಿಂದ ಟೂಲಿನ ಕೋಡಿನಲ್ಲೇ ಸೃಷ್ಟಿಸುವ ಮೊದಲು ಅದೇ ಹೆಸರು ಇದೆಯೇ ನೋಡಿ, ಇದ್ದರೆ ಅದರ ಐಡಿಯನ್ನೇ ಮರಳಿಸಿ.

ಟೂಲುಗಳೇ ಕಾಣುತ್ತಿಲ್ಲ

ಸ್ಟಾಂಡರ್ಡ್ ಇನ್‌ಪುಟ್–ಔಟ್‌ಪುಟ್ ಮೂಲಕ ಓಡುವ ಎಂಸಿಪಿ ಸರ್ವರ್ ಆದರೆ, ಕೋಡಿನಲ್ಲಿ ಎಲ್ಲೋ ಒಂದು ಪ್ರಿಂಟ್ ಉಳಿದಿದೆಯೇ ನೋಡಿ. ಸ್ಟಾಂಡರ್ಡ್ ಔಟ್‌ಪುಟ್‌ನಲ್ಲಿ ಎಂಸಿಪಿ ಸಂದೇಶ ಬಿಟ್ಟು ಬೇರೇನೂ ಹೋಗಬಾರದು; ಲಾಗ್ ಎಲ್ಲ ಸ್ಟಾಂಡರ್ಡ್ ಎರರ್‌ಗೆ.

ತಿದ್ದಿದ್ದು ನಿಜಕ್ಕೂ ಹಿಡಿಯಿತೇ?

ವಿವರಣೆ ತಿದ್ದಿದ ಮೇಲೆ ಕ್ಲೈಂಟನ್ನು ಮತ್ತೆ ಶುರುಮಾಡಿ. ಅದು ಹಳೆಯ ಟೂಲ್ ಪಟ್ಟಿಯನ್ನೇ ಹಿಡಿದುಕೊಂಡಿರಬಹುದು; ಇನ್‌ಸ್ಪೆಕ್ಟರಿನಲ್ಲಿ ಹೊಸ ಸಾಲು ಕಂಡ ಮಾತ್ರಕ್ಕೆ ಏಜೆಂಟ್‌ಗೂ ಕಂಡಿತು ಎಂದಲ್ಲ. ಹೊಸ ಚಾಟ್ ತೆರೆದು, ದೋಷ ತೋರಿಸಿದ ಅದೇ ಮಾತನ್ನು ಅಕ್ಷರಶಃ ಕೊಡಿ. ಮಾಡೆಲ್ ಪ್ರತಿ ಸಲ ಒಂದೇ ದಾರಿ ಹಿಡಿಯುವುದಿಲ್ಲವಾದ್ದರಿಂದ ಒಂದು ಸಲ ಸರಿ ಬಂದರೆ ಸಾಲದು, ಹತ್ತು ಸಲವಾದರೂ ಓಡಿಸಿ. ಕೊನೆಯ ಉತ್ತರಕ್ಕಿಂತ ಟೂಲ್ ಕರೆದ ಅನುಕ್ರಮ ನೋಡಿ: ಪ್ರಾಜೆಕ್ಟ್ ಸ್ಥಿತಿ, ತೆರೆ, ನೋಡ್ ಪಟ್ಟಿ, ಸ್ಟಾರ್ಟ್, ಕಾಯಿ, ಕಾನ್ಫಿಗ್. ನಡುವೆ ಒಂದು ಹೆಜ್ಜೆ ಹಾರಿದ್ದರೂ ಆ ಟೂಲಿನ ವಿವರಣೆ ಇನ್ನೂ ಸಾಲದು. ಒಂದು ಸಲಕ್ಕೆ ಒಂದೇ ಸಾಲು ತಿದ್ದಿ, ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯದು.

ಈ ಪರೀಕ್ಷೆಗಳನ್ನು ವಿದ್ಯಾರ್ಥಿಗಳ ಪ್ರಾಜೆಕ್ಟಿನ ಮೇಲೆ ಮಾಡಬೇಡಿ, ನಕಲು ತೆಗೆದುಕೊಂಡು ಮಾಡಿ. ಪ್ರಾಜೆಕ್ಟ್ ಅಳಿಸುವ ಟೂಲನ್ನು ಪರೀಕ್ಷೆಯ ಹೊತ್ತಿನಲ್ಲಿ ಪಟ್ಟಿಯಿಂದಲೇ ತೆಗೆದಿಡಿ. ಪ್ರತಿ ಸುತ್ತಿಗೂ ಒಂದೇ ಸ್ಥಿತಿಯಿಂದ ಶುರುಮಾಡಲು ಸ್ನ್ಯಾಪ್‌ಶಾಟ್ ಬೇಕಾಗುತ್ತದೆ. ರೂಟರುಗಳು ಓಡುತ್ತಿದ್ದರೆ ಜಿಎನ್‌ಎಸ್3 ಅದನ್ನು 409 ಕೊಟ್ಟು ತಡೆಯುತ್ತದೆ. ಎಂಟೂ ರೂಟರುಗಳಲ್ಲಿ ರೈಟ್ ಮೆಮೊರಿ ಕೊಟ್ಟು, ಎಲ್ಲವನ್ನೂ ನಿಲ್ಲಿಸಿ, ಆಮೇಲೆ ಸ್ನ್ಯಾಪ್‌ಶಾಟ್ ತೆಗೆಯಿರಿ. ಈ ಅನುಕ್ರಮವನ್ನು ಸ್ನ್ಯಾಪ್‌ಶಾಟ್ ಟೂಲಿನ ವಿವರಣೆಯಲ್ಲೂ ಬರೆಯಿರಿ. ಇಲ್ಲವಾದರೆ 409 ಕಂಡ ಏಜೆಂಟ್ ಉಳಿಸದೆಯೇ ಎಲ್ಲ ರೂಟರುಗಳನ್ನು ನಿಲ್ಲಿಸಿ, ಖಾಲಿ ಕಾನ್ಫಿಗ್‌ನ ಸ್ನ್ಯಾಪ್‌ಶಾಟ್ ತೆಗೆದು "ಆಯಿತು" ಎನ್ನುತ್ತದೆ.